ಕೆಲಸದ ದಾಖಲೆ, ಕಲ್ಪನೆಯ ಚಿತ್ರ

ಯೋಜನಾ ನಿರ್ವಹಣೆಯ ಮುಕ್ತ ತಂತ್ರಾಂಶಗಳೂ ಎಐ ಚಿತ್ರ ರಚನೆಯ ಸಾಧನಗಳೂ ಈಗ ಸಣ್ಣ ಸಂಘಗಳ ಕೈಗೂ ಎಟಕುತ್ತವೆ. ಮೊದಲನೆಯದು ಬಳಸುವವರು ಬರೆದದ್ದನ್ನಷ್ಟೇ ಇಟ್ಟುಕೊಳ್ಳುತ್ತದೆ. ಎರಡನೆಯದು ಯಾರೂ ಹೇಳದ್ದನ್ನೂ ಸೇರಿಸಿ ಕೊಡುತ್ತದೆ. ಹಾಸನ ಜಿಲ್ಲೆಯ ಆಲೂಗೆಡ್ಡೆ ಬೆಳೆಯನ್ನು ಮುಂದಿಟ್ಟುಕೊಂಡು ನೋಡಿದರೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಪಂಜಾಬಿನ ಜಲಂಧರ್ ಕಡೆಯ ಬಿತ್ತನೆ ಆಲೂಗೆಡ್ಡೆ ಹಾಸನದ ಎಪಿಎಂಸಿಯಲ್ಲಿ ಮಾರಾಟಕ್ಕೆ ಬರುವುದು ಮೇ ತಿಂಗಳ ಹೊತ್ತಿಗೆ. ಬೀಜ ಕೊಳ್ಳಬೇಕು, ಬೀಜೋಪಚಾರ ಮಾಡಬೇಕು, ಮಳೆಯ ಹದ ನೋಡಿ ನೆಡಬೇಕು, ಮಣ್ಣೇರಿಸಬೇಕು, ಅಂಗಮಾರಿ ಬರುವ ಮೊದಲೇ ಔಷಧಿ ಹೊಡೆಯಬೇಕು. ಒಂದು ತಡವಾದರೆ ಮುಂದಿನದೆಲ್ಲ ತಡ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ರೈತರು ಕೂಡಿ ಬೀಜ ಖರೀದಿಸುವುದಾದರೆ ಯಾರ ಪಾಲಿನ ಕೆಲಸ ಯಾವುದು, ಎಲ್ಲಿಯವರೆಗೆ ಬಂದಿದೆ ಎಂಬುದು ಎಲ್ಲರಿಗೂ ಕಾಣುತ್ತಿರಬೇಕು. 2006ರಲ್ಲಿ ಬಂದ ಮುಕ್ತ ತಂತ್ರಾಂಶ ರೆಡ್‌ಮೈನ್, ಅದರಿಂದಲೇ ಕವಲೊಡೆದು ಬೆಳೆದ ಓಪನ್‌ಪ್ರಾಜೆಕ್ಟ್ ಮಾಡುವ ಕೆಲಸ ಇದೇ. ಪ್ರತಿ ಕೆಲಸಕ್ಕೂ ಹೊಣೆಗಾರರು, ಗಡುವು, ಅದಕ್ಕೆ ಮೊದಲು ಮುಗಿಯಬೇಕಾದ ಕೆಲಸ ಇವನ್ನು ನಮೂದಿಸಿದರೆ ಕೆಲಸಗಳ ಕಾಲಾವಧಿ ತೋರಿಸುವ ಗ್ಯಾಂಟ್ ನಕ್ಷೆ ತಾನಾಗಿ ಮೂಡುತ್ತದೆ. ಯಾರು ಯಾವಾಗ ಏನು ತಿದ್ದಿದರು ಎಂಬುದೂ ಉಳಿಯುತ್ತದೆ.

ಈ ಎರಡು ತಂತ್ರಾಂಶಗಳೂ ಜಿಪಿಎಲ್ ಪರವಾನಗಿಯಲ್ಲಿವೆ: ಮೂಲ ಸಂಕೇತವನ್ನು ಓದಬಹುದು, ತಿದ್ದಬಹುದು, ಸ್ವಂತ ಸರ್ವರಿನಲ್ಲಿ ನಡೆಸಬಹುದು. ಸರ್ವರಿನ ಖರ್ಚು, ನೋಡಿಕೊಳ್ಳುವವರ ಶ್ರಮ ತಪ್ಪಿದ್ದಲ್ಲ. ಆದರೆ ದಾಖಲೆ ಸಂಘದ ಕೈಯಲ್ಲೇ ಇರುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಂತೆ 12 ವರ್ಷಕ್ಕೊಮ್ಮೆ ಬರುವ ಕೆಲಸಕ್ಕೆ ಇದು ಬಹಳ ಮುಖ್ಯ. 2018ರ ಅಭಿಷೇಕದ ಲೆಕ್ಕ ಮುಂದಿನ ಸಲವೂ ತೆರೆದು ಓದುವಂತಿರಬೇಕು.

ಚಿತ್ರ ರಚಿಸುವ ಸಾಧನಗಳ ದಾರಿ ಬೇರೆ. 2022ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಸ್ಟೇಬಲ್ ಡಿಫ್ಯೂಷನ್ ಅನ್ನು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನಲ್ಲೇ ನಡೆಸಬಹುದು. ಅಂತರ್ಜಾಲದ ಕೋಟ್ಯಂತರ ಚಿತ್ರಗಳು ಮತ್ತು ಅವುಗಳ ವಿವರಣೆಗಳಿಂದ ಕಲಿತ ಅದು ಗೊತ್ತುಗುರಿಯಿಲ್ಲದ ಚುಕ್ಕೆಗಳಿಂದ ಶುರುಮಾಡಿ, ಹಂತಹಂತವಾಗಿ ಕೇಳಿದ ರೂಪ ತರುತ್ತದೆ. ಅದು ಕಲಿತದ್ದರಲ್ಲಿ ಓದಿ ತಿದ್ದಬಹುದಾದ ಸಾಲುಗಳಿಲ್ಲ; ಇರುವುದು ಅಂಕಿಗಳ ರಾಶಿ. ಇಂಥ ಆಕೃತಿ ಏಕೆ ಬಂತೆಂದು ಕೇಳಿದರೆ ಉತ್ತರ ಸಿಗದು.

ಸಭೆಯ ಆಮಂತ್ರಣದ ಅಲಂಕಾರಕ್ಕೆ ಇದು ಸಾಕು, ಸೊಗಸೂ ಹೌದು. ಕನ್ನಡ ಅಕ್ಷರಗಳನ್ನು ಮಾತ್ರ ಆಮೇಲೆ ಕೈಯಾರೆ ಕೂರಿಸುವುದು ಕ್ಷೇಮ, ಒತ್ತಕ್ಷರಗಳು ಎಷ್ಟೋ ಸಲ ಕೆಟ್ಟು ಬರುತ್ತವೆ. ರೋಗದ ಕರಪತ್ರಕ್ಕೆ ಇಂಥ ಚಿತ್ರವನ್ನು ಹಾಕಲೇಬಾರದು. ಅಂಗಮಾರಿಯಲ್ಲಿ ಎಲೆಯಂಚು ನೀರುಂಡಂತೆ ಕಪ್ಪಾಗಿ, ತೇವವಿದ್ದಾಗ ಎಲೆಯಡಿ ಬಿಳಿ ಬೂಷ್ಟು ಕಾಣುತ್ತದೆ. ಇನ್ನೊಂದು ಎಲೆಚುಕ್ಕೆ ರೋಗದಲ್ಲಿ ಕಂದು ಬಣ್ಣದ ಉಂಗುರಗಳು ಮೂಡುತ್ತವೆ. ಎರಡರ ಲಕ್ಷಣವೂ ಒಂದೇ ಎಲೆಯಲ್ಲಿ ಬೆರೆತ ಚಿತ್ರ ನೋಡಿದ ರೈತರು ತಪ್ಪು ಔಷಧಿಗೆ ದುಡ್ಡು ಸುರಿಯಬೇಕಾದೀತು. ಕರಪತ್ರ ಮಾಡುವವರು ರೋಗ ಬಿದ್ದ ಹೊಲದ ಎಲೆಯ ಫೋಟೊವನ್ನೇ ತೆಗೆದು, ಊರು ಮತ್ತು ದಿನಾಂಕ ಬರೆದು, ಯೋಜನೆಯ ದಾಖಲೆಗೆ ಲಗತ್ತಿಸಿಡಲಿ.