ಹುಲಿಗಳ ಹಂಗಾಮು

ಹುಬ್ಬಳ್ಳಿ ಟೈಗರ್ಸ್ ಎಂಬುದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು ಪ್ರತಿ ವರ್ಷ ಆಗಸ್ಟ್ ತಿಂಗಳ ಆಸುಪಾಸಿನಲ್ಲಿ ನಡೆಸುವ ಮಹಾರಾಜ ಟ್ರೋಫಿ ಟಿ20 ಲೀಗಿನ ಆರು ತಂಡಗಳಲ್ಲಿ ಒಂದು. ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ ಮತ್ತು ಕಲಬುರಗಿಯ ಹೆಸರಿನ ತಂಡಗಳೊಡನೆ ಸೆಣಸುವ ಈ ತಂಡವು ಧಾರವಾಡ ಸೀಮೆಯ ಹೆಸರನ್ನು ವೃತ್ತಿಪರ ಕ್ರಿಕೆಟ್ಟಿನ ಅಂಗಳಕ್ಕೆ ಒಯ್ದಿದೆ. ವೃತ್ತಿಪರ ತಂಡವೆಂದರೆ ಆಟಗಾರರು ಸಂಭಾವನೆ ಪಡೆದು ಆಡುವ, ಮಾಲೀಕರು ಬಂಡವಾಳ ಹೂಡಿ ನಡೆಸುವ ತಂಡ. ಊರೊಂದರ ಹೆಸರನ್ನು ಬಳಸಿ ಹೀಗೆ ತಂಡ ಕಟ್ಟುವ ಹಕ್ಕಿಗೆ ಫ್ರಾಂಚೈಸಿ ಎಂದು ಹೆಸರು. ಅಂಥ ತಂಡವೊಂದು ವರ್ಷದಲ್ಲಿ ಆಡುವ ನಿಗದಿತ ಅವಧಿಯನ್ನು ಪತ್ರಿಕೆಗಳು ಋತು ಎಂದು ಬರೆಯುತ್ತವೆಯಾದರೂ, ನವಲಗುಂದ, ಕುಂದಗೋಳ, ಅಣ್ಣಿಗೇರಿಯ ಕಡೆ ಮುಂಗಾರಿ ಮತ್ತು ಹಿಂಗಾರಿ ಬೆಳೆಗಳ ಕಾಲಕ್ಕೆ ಬಳಕೆಯಲ್ಲಿರುವ ಹಂಗಾಮು ಎಂಬ ಮಾತೇ ಅದಕ್ಕೆ ಹೆಚ್ಚು ಒಪ್ಪುತ್ತದೆ. ಏಕೆಂದರೆ ಅದರಲ್ಲಿಯೂ ಬಿತ್ತನೆಯಿದೆ, ಆರೈಕೆಯಿದೆ, ಎಷ್ಟು ಬೆವರು ಸುರಿಸಿದರೂ ಕೈಗೆ ಹತ್ತದ ಫಸಲಿದೆ.

ಕ್ರೀಡಾ ಹಂಗಾಮು ಎಂಬ ಕಲ್ಪನೆ ಅತ್ಯಂತ ವಿಸ್ತಾರವಾಗಿ ಬೆಳೆದಿರುವುದು ಅಮೆರಿಕದ ಬೇಸ್‌ಬಾಲ್ ಆಟದಲ್ಲಿ. ದುಂಡನೆಯ ಬ್ಯಾಟಿನಿಂದ ಚೆಂಡನ್ನು ಹೊಡೆದು ಚೌಕದ ನಾಲ್ಕು ಮೂಲೆಗಳನ್ನು ಸುತ್ತಿ ಬಂದು ರನ್ ಗಳಿಸುವ ಆ ಆಟದ ಮುಖ್ಯ ಲೀಗಿನಲ್ಲಿ 30 ತಂಡಗಳಿದ್ದು, ಪ್ರತಿಯೊಂದು ತಂಡವೂ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ 162 ಪಂದ್ಯಗಳನ್ನು ಆಡುತ್ತದೆ. ಇವುಗಳಲ್ಲಿ 81 ಪಂದ್ಯಗಳು ತಂಡದ ಸ್ವಂತ ಊರಿನಲ್ಲಿ, ಉಳಿದ 81 ಪರವೂರುಗಳಲ್ಲಿ ನಡೆಯಬೇಕೆಂಬುದು ಅಲ್ಲಿನ ವ್ಯವಸ್ಥೆ. ಊರಿನ ಜನ ತಮ್ಮ ತಂಡವನ್ನು ಸೋತಾಗಲೂ ಗೆದ್ದಾಗಲೂ ಕಣ್ಣಾರೆ ಕಾಣುತ್ತಾರೆ. ಮಹಾರಾಜ ಟ್ರೋಫಿಯಲ್ಲಿ ತಂಡವೊಂದು ಲೀಗ್ ಹಂತದಲ್ಲಿ ಆಡುವುದು 10 ಪಂದ್ಯಗಳನ್ನು ಮಾತ್ರ. ಉಳಿದ ಐದೂ ತಂಡಗಳನ್ನು ತಲಾ ಎರಡು ಬಾರಿ ಎದುರಿಸಿ, ಮೊದಲ ನಾಲ್ಕು ಸ್ಥಾನ ಪಡೆದವು ಮುಂದಿನ ಹಂತಕ್ಕೆ ಹೋಗುತ್ತವೆ. ಹಂಗಾಮು ಚಿಕ್ಕದಾಗಿರುವುದು ದೊಡ್ಡ ಕೊರತೆಯೇನಲ್ಲ. 2022ರಿಂದ 2025ರವರೆಗಿನ ನಾಲ್ಕು ಆವೃತ್ತಿಗಳಲ್ಲಿ ಟೈಗರ್ಸ್ ಆಡಿದ ಒಂದೇ ಒಂದು ಪಂದ್ಯವೂ ಹುಬ್ಬಳ್ಳಿಯಲ್ಲಿ ನಡೆಯಲಿಲ್ಲ ಎಂಬುದೇ ಇಲ್ಲಿ ಮನಸ್ಸಿಗೆ ತಟ್ಟುವ ಸಂಗತಿ.

ತಂಡದ ಹೆಸರು ಲೀಗಿಗಿಂತ ಹಳೆಯದು. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ, ಅಂದರೆ ಜನರ ಬಾಯಲ್ಲಿ ಕೆಪಿಎಲ್ ಆಗಿದ್ದ ಪಂದ್ಯಾವಳಿಯಲ್ಲಿ, ಹುಬ್ಬಳ್ಳಿಯ ತಂಡ ಇದೇ ಹೆಸರಿನಿಂದ ಆಡಿತ್ತು. ಆಗ ಹುಬ್ಬಳ್ಳಿಯ ರಾಜನಗರ ಕ್ರೀಡಾಂಗಣದಲ್ಲಿಯೂ ಪಂದ್ಯಗಳು ನಡೆದಿದ್ದವು. 2019ರ ಆವೃತ್ತಿಯ ಫೈನಲ್‌ನಲ್ಲಿ ಟೈಗರ್ಸ್ ತಂಡವು ಬಳ್ಳಾರಿ ಟಸ್ಕರ್ಸ್ ತಂಡವನ್ನು ಸೋಲಿಸಿತು. ಆ ಬಳಿಕ ಆಟದಲ್ಲಿ ಮೋಸ ನಡೆದಿದೆಯೆಂಬ ಆರೋಪಗಳು ಎದ್ದು, ತನಿಖೆ ನಡೆದು, ಲೀಗ್ ನಿಂತುಹೋಯಿತು. ಮೂರು ವರ್ಷಗಳ ಅನಂತರ, 2013ರಲ್ಲಿ ತೀರಿಕೊಂಡ, ಮೈಸೂರು ರಾಜಮನೆತನದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಸ್ಮರಣೆಯಲ್ಲಿ ಮಹಾರಾಜ ಟ್ರೋಫಿ ಆರಂಭವಾಯಿತು.

ತಂಡ ಕಟ್ಟುವ ಕೆಲಸವು ಹರಾಜಿನಿಂದ ಮೊದಲಾಗುತ್ತದೆ. ಇದು ಎಪಿಎಂಸಿ ಅಂಗಳದಲ್ಲಿ ಮೆಣಸಿನಕಾಯಿಗೋ ಹತ್ತಿಗೋ ನಡೆಯುವ ಲಿಲಾವಿನಂತೆಯೇ ಕೂಗಿನಿಂದ ಕೂಗಿಗೆ ಏರುವ ವ್ಯವಹಾರವಾದರೂ, ಖರೀದಿದಾರನ ಚೀಲಕ್ಕೆ ಇಲ್ಲಿ ಮಿತಿಯಿದೆ. 2023ರ ಹರಾಜಿನಲ್ಲಿ ಪ್ರತಿ ತಂಡಕ್ಕೆ 50 ಲಕ್ಷ ರೂಪಾಯಿಯ ಮಿತಿಯಿತ್ತು, ಮತ್ತು ಟೈಗರ್ಸ್ ಅದರಲ್ಲಿ 10.6 ಲಕ್ಷವನ್ನು ಮನೀಶ್ ಪಾಂಡೆ ಒಬ್ಬರಿಗೇ ಕೊಟ್ಟಿತು. ಹಿಂದಿನ ವರ್ಷ ಗುಲ್ಬರ್ಗ ಮಿಸ್ಟಿಕ್ಸ್ ತಂಡದ ನಾಯಕರಾಗಿ ಟ್ರೋಫಿ ಗೆದ್ದಿದ್ದ, ಭಾರತಕ್ಕಾಗಿ ಆಡಿದ ಅನುಭವವಿದ್ದ ಅವರ ಸುತ್ತ ಇನ್ನೂ ಹೆಸರು ಮಾಡಬೇಕಿದ್ದ ಹುಡುಗರನ್ನು ಕೂಡಿಸಿದ್ದು ಸರಿಯಾದ ಲೆಕ್ಕಾಚಾರವೆಂಬುದನ್ನು ಆ ಹಂಗಾಮೇ ತೋರಿಸಿತು.

2023ರ ಆಗಸ್ಟ್ ತಿಂಗಳು ರಾಜ್ಯದ ರೈತರ ನೆನಪಿನಿಂದ ಅಳಿಯುವಂಥದಲ್ಲ. ನಡುವಿನ ಮಳೆ ಕೈಕೊಟ್ಟು ಮುಂಗಾರಿ ಬೆಳೆಗಳು ಬಾಡಿದ ಆ ತಿಂಗಳಲ್ಲಿ ಎರೆಸೀಮೆಯಲ್ಲಿ ಹೆಸರುಕಾಯಿ ಬಿಡಿಸುವ ಸುಗ್ಗಿಯೂ ನಾಗರಪಂಚಮಿಯ ಜೋಕಾಲಿಯೂ ಒಟ್ಟಿಗೇ ಬಂದಿದ್ದವು, ಮತ್ತು ಅದೇ ದಿನಗಳಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೈಗರ್ಸ್ ಪಂದ್ಯದ ಮೇಲೆ ಪಂದ್ಯ ಆಡುತ್ತ ಸಾಗಿತು. ಆಗಸ್ಟ್ 29ರಂದು, ನೂಲಹುಣ್ಣಿಮೆಯ ಹಿಂದಿನ ರಾತ್ರಿ, ಫೈನಲ್‌ನಲ್ಲಿ ಎದುರಾದದ್ದು ಮೈಸೂರು ವಾರಿಯರ್ಸ್. ಮೊದಲು ಬ್ಯಾಟ್ ಮಾಡಿದ ಟೈಗರ್ಸ್ ಪರವಾಗಿ ಮೊಹಮ್ಮದ್ ತಾಹ 40 ಚೆಂಡುಗಳಲ್ಲಿ 72 ರನ್ ಹೊಡೆದರು; ನಾಯಕ ಪಾಂಡೆ 23 ಚೆಂಡುಗಳಲ್ಲಿ 50 ರನ್ ಗಳಿಸಿ ಔಟಾಗದೆ ಉಳಿದರು; 20 ಓವರುಗಳಿಗೆ 8 ವಿಕೆಟ್ ನಷ್ಟದಲ್ಲಿ ಮೊತ್ತ 203 ಆಯಿತು. ಮೈಸೂರಿನ ರವಿಕುಮಾರ್ ಸಮರ್ಥ್ 35 ಚೆಂಡುಗಳಲ್ಲಿ 63 ರನ್ ಬಾರಿಸಿ ಪಂದ್ಯವನ್ನು ಕಸಿದುಕೊಳ್ಳುವ ಹಾದಿಯಲ್ಲಿದ್ದರೂ ಆ ತಂಡದ ಓಟ 195ಕ್ಕೆ ನಿಂತಿತು. ಎಂಟು ರನ್ನುಗಳ ಅಂತರವೆಂದರೆ ಎರಡು ಬೌಂಡರಿ. ಕ್ಷೇತ್ರರಕ್ಷಕನೊಬ್ಬ ಎರಡು ಸಲ ಎಡವಿದ್ದರೆ ಪಂದ್ಯ ಸಮವಾಗಿ ಟ್ರೋಫಿಯೇ ಕೈತಪ್ಪಬಹುದಿತ್ತು.

ಮರುವರ್ಷ ಟ್ರೋಫಿ ಮೈಸೂರಿನ ಪಾಲಾಯಿತಾದರೂ, ಕ್ರಿಕೆಟ್ ಇತಿಹಾಸದಲ್ಲಿ ಉಳಿಯುವ ಒಂದು ರಾತ್ರಿ ಟೈಗರ್ಸ್‌ಗೆ ದಕ್ಕಿತು. 2024ರ ಆಗಸ್ಟ್ 23ರಂದು ಬೆಂಗಳೂರು ಬ್ಲಾಸ್ಟರ್ಸ್ ವಿರುದ್ಧದ ಪಂದ್ಯದಲ್ಲಿ ಎರಡೂ ತಂಡಗಳು 164 ರನ್ ಗಳಿಸಿ ಸಮವಾದವು. ಹೀಗಾದಾಗ ತಂಡಗಳು ತಲಾ ಆರು ಚೆಂಡುಗಳ ಇನ್ನೊಂದು ಪುಟ್ಟ ಇನಿಂಗ್ಸ್ ಆಡಿ ಫಲಿತಾಂಶ ಕಾಣಬೇಕು. ಇದೇ ಸೂಪರ್ ಓವರ್. ಮೊದಲ ಸೂಪರ್ ಓವರಿನಲ್ಲಿ ಎರಡೂ ಕಡೆ 10 ರನ್, ಎರಡನೆಯದರಲ್ಲಿ ಎರಡೂ ಕಡೆ 8 ರನ್. ಮೂರನೆಯದರಲ್ಲಿ ಬೆಂಗಳೂರು 12 ರನ್ ಮಾಡಿದರೆ, ಟೈಗರ್ಸ್‌ನ ಕ್ರಾಂತಿ ಕುಮಾರ್ ಕೊನೆಯ ಚೆಂಡನ್ನು ಬೌಂಡರಿಗಟ್ಟಿ ಗೆಲುವು ತಂದರು. ಮೂರು ಸೂಪರ್ ಓವರುಗಳವರೆಗೆ ಬೆಳೆದ ಟಿ20 ಪಂದ್ಯ ಜಗತ್ತಿನಲ್ಲಿ ಅದಕ್ಕೂ ಮೊದಲು ನಡೆದಿರಲಿಲ್ಲ. ಆ ಪಂದ್ಯದಲ್ಲಿ ನಾಲ್ಕು ವಿಕೆಟ್ ಕಿತ್ತ ಮನ್ವಂತ್ ಕುಮಾರ್ ಅವರನ್ನು ಕೆಲವೇ ತಿಂಗಳ ಅನಂತರ ಐಪಿಎಲ್ ಹರಾಜಿನಲ್ಲಿ ದೆಹಲಿ ತಂಡವು 30 ಲಕ್ಷ ರೂಪಾಯಿಗೆ ಕೊಂಡಿತು. ರಾಜ್ಯ ಮಟ್ಟದ ಲೀಗಿನ ನಿಜವಾದ ಪ್ರಯೋಜನ ಇಂಥದರಲ್ಲಿದೆ: ತಿಂಗಳಿಗಿಂತ ಕಡಿಮೆ ಅವಧಿಯ ಆಟ ಒಬ್ಬ ಹುಡುಗನ ಬದುಕಿನ ದಿಕ್ಕನ್ನೇ ಬದಲಿಸಬಲ್ಲದು.

ಹುಬ್ಬಳ್ಳಿಯ ಸುತ್ತಲಿನ ಹಳ್ಳಿಗಳ ಕ್ರಿಕೆಟ್ ಹಂಗಾಮು ಇದಕ್ಕೆ ಪೂರಾ ತಿರುವು ಮುರುವು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಬಹುಪಾಲು ನೆಲ ಎರೆ, ಅಂದರೆ ನೀರು ಕುಡಿದಾಗ ಉಬ್ಬಿ ಒಣಗಿದಾಗ ಸೀಳುವ ಕರಿಮಣ್ಣು. ಆಗಸ್ಟಿನಲ್ಲಿ ಅದರ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿ ಕಾಲೇ ಮೇಲೇಳುವುದಿಲ್ಲ. ಹೀಗಾಗಿ ಟೈಗರ್ಸ್ ಆಡುವ ತಿಂಗಳಲ್ಲಿ ಹಳ್ಳಿಯ ಬ್ಯಾಟುಗಳು ಜಂತಿಗೆ ಸಿಕ್ಕಿಸಿದಲ್ಲಿಯೇ ಇರುತ್ತವೆ. ಜೋಳ, ಕಡಲೆ, ಗೋದಿಯ ರಾಶಿ ಮುಗಿದು ಹೊಲ ಬರಿದಾದ ಮೇಲೆ, ಕೂಳೆ ಕಿತ್ತು, ಹೆಂಟೆ ಒಡೆದು, ನೀರು ಚಿಮುಕಿಸಿ ತುಳಿದು ಗಟ್ಟಿಮಾಡಿದ ಒಂದು ಪಟ್ಟಿಯ ಮೇಲೆ ಟೆನ್ನಿಸ್ ಚೆಂಡಿನ ಆಟ ಶುರುವಾಗುತ್ತದೆ. ಯುಗಾದಿ ಮತ್ತು ಜಾತ್ರೆಗಳ ಹೊತ್ತಿಗೆ ಮೈಕು, ಸುಣ್ಣದ ಗೆರೆ, ಪ್ರವೇಶ ಶುಲ್ಕ, ಕಪ್ಪು ಎಲ್ಲವೂ ಇರುವ ಪಂದ್ಯಾವಳಿಯಾಗಿ ಬೆಳೆಯುತ್ತದೆ. ಬೇಸಿಗೆ ಬಲಿತಂತೆ ನೆಲ ಬಾಯಿಬಿಟ್ಟು, ಬೌಂಡರಿಯತ್ತ ಓಡುವ ಚೆಂಡು ಬಿರುಕಿನೊಳಗೆ ಮಾಯವಾದರೆ ಕ್ಷೇತ್ರರಕ್ಷಕ ಮೊಳಕೈವರೆಗೆ ತೋಳಿಳಿಸಿ ಅದನ್ನು ಹುಡುಕಬೇಕು. ಭತ್ತ ಬೆಳೆಯುವ, ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಹುಡುಗರಿಗೆ ಈ ತೊಂದರೆಯಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ. ಭಾರತದ ಅನೇಕ ದೊಡ್ಡ ಕ್ರೀಡಾಂಗಣಗಳಲ್ಲಿ ಪಿಚ್ ಕಟ್ಟಲು ಬಳಸುವುದು ಇಂಥದೇ ಜಿಗುಟು ಕರಿಮಣ್ಣನ್ನು. ಹದವಾದ ತೇವದಲ್ಲಿ ರೋಲರ್ ಹಾಯಿಸಿದಾಗ ಅದು ಬಿಗಿಯಾಗಿ ಕಚ್ಚಿಕೊಂಡು ಚೆಂಡನ್ನು ತಗ್ಗಾಗಿ, ನಿಧಾನವಾಗಿ ಪುಟಿಸುತ್ತದೆ. ಕೆಂಪು ಮಣ್ಣಿನ ಪಿಚ್ಚಿನಲ್ಲಿ ಪುಟಿತ ಹೆಚ್ಚು. ಎರೆಹೊಲದಲ್ಲಿ ಆಡಿ ಬೆಳೆದ ಹುಡುಗನಿಗೆ ಪಿಚ್ಚಿನ ವಿದ್ಯೆಯ ಮೊದಲ ಪಾಠ ಕಾಲಡಿಯಲ್ಲೇ ಸಿಕ್ಕಿರುತ್ತದೆ. ಅವನಿಗೆ ದೊರೆಯದೆ ಇರುವುದು ತೊಗಲಿನ ಚೆಂಡು, ನೆಟ್ಟು, ತಿದ್ದುವ ಗುರು. ಇವು ಮೂರೂ ಹುಬ್ಬಳ್ಳಿ, ಧಾರವಾಡಗಳಲ್ಲಿವೆ. ಆ ದೂರವನ್ನು ದಾಟಿದವರಲ್ಲಿ ಗದಗಿನ ಸುನಿಲ್ ಜೋಶಿ ಅವರ ಹೆಸರು ಮೊದಲು ನೆನಪಾಗುತ್ತದೆ. ಹುಡುಗನಾಗಿದ್ದಾಗ ದಿನವೂ ಬೆಳಗ್ಗೆ ಅಭ್ಯಾಸಕ್ಕೆಂದು ಹುಬ್ಬಳ್ಳಿಗೆ ಬಂದು, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದ ಅವರು ಮುಂದೆ ಭಾರತದ ಪರ 15 ಟೆಸ್ಟ್ ಮತ್ತು 69 ಏಕದಿನ ಪಂದ್ಯಗಳನ್ನು ಆಡಿದರು. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಅವರ ಎಡಗೈ ಸ್ಪಿನ್ 10 ಓವರುಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಕಿತ್ತಿತು. ಆ ಹತ್ತರಲ್ಲಿ ಆರು ಓವರುಗಳಿಗೆ ಒಂದು ರನ್ನೂ ಬರಲಿಲ್ಲ. ಹುಬ್ಬಳ್ಳಿ ಮತ್ತು ಗದಗಿನ ನಡುವಿನ ರೈಲುಹಾದಿ ಹಾಯುವುದು ಅಣ್ಣಿಗೇರಿಯ ಮೇಲೆಯೇ.

ಜಿಲ್ಲೆಯ ಊರುಗಳು ಹೆಸರು ಗಳಿಸಿದ ಬಗೆಯನ್ನು ನೋಡಿದರೆ ಟೈಗರ್ಸ್ ತಂಡದ ಕೊರತೆ ಇನ್ನಷ್ಟು ಸ್ಪಷ್ಟವಾಗುತ್ತದೆ. ನವಲಗುಂದದ ಜಮಖಾನ ನವಲಗುಂದದ ಮಗ್ಗದಲ್ಲಿಯೇ ನೇಯ್ದದ್ದು, ಕಲಘಟಗಿಯ ಬಣ್ಣದ ತೊಟ್ಟಿಲು ಕಲಘಟಗಿಯಲ್ಲಿಯೇ ಕಡೆದದ್ದು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವ ನಡೆಯುವುದು ಕುಂದಗೋಳದ ನಾಡಿಗೇರ ವಾಡೆಯಲ್ಲಿಯೇ. ಊರ ಹೆಸರು ಹೊತ್ತ ವಸ್ತುವನ್ನಾಗಲಿ ಉತ್ಸವವನ್ನಾಗಲಿ ಊರಿನವರು ಮುಟ್ಟಿ ನೋಡಬಲ್ಲರು, ಎದುರು ಕುಳಿತು ಕೇಳಬಲ್ಲರು. ಹುಬ್ಬಳ್ಳಿಯ ಹೆಸರಿನ ತಂಡವನ್ನು ಮಾತ್ರ ಅವರು ಟಿವಿ ಮತ್ತು ಮೊಬೈಲಿನ ಪರದೆಯಲ್ಲಿಯೇ ಕಾಣಬೇಕಾಗಿದೆ.

ರಾಜನಗರದ ಅಂಗಣ ಬೀಡುಬಿದ್ದಿಲ್ಲ. ಅಲ್ಲಿ ರಣಜಿ ಪಂದ್ಯಗಳು ನಡೆಯುತ್ತವೆ. 2024ರ ಜನವರಿಯಲ್ಲಿ ಪಂಜಾಬಿನ ವಿರುದ್ಧದ ರಣಜಿ ಪಂದ್ಯದಲ್ಲಿ ಕರ್ನಾಟಕದ ಪರ ದೇವದತ್ತ ಪಡಿಕ್ಕಲ್ 193 ರನ್, ಮನೀಶ್ ಪಾಂಡೆ 118 ರನ್ ಗಳಿಸಿದ್ದು ಅದೇ ನೆಲದ ಮೇಲೆ. ಪಾಂಡೆ ಆಗ ಟೈಗರ್ಸ್ ನಾಯಕ. ಪಡಿಕ್ಕಲ್ 2025ರಲ್ಲಿ ಆ ಸ್ಥಾನಕ್ಕೆ ಬಂದರು. ಟೈಗರ್ಸ್‌ನ ಇಬ್ಬರು ನಾಯಕರು ಹುಬ್ಬಳ್ಳಿಯಲ್ಲಿ ಶತಕ ಹೊಡೆದಿದ್ದಾರೆ, ಟೈಗರ್ಸ್ ಪರವಾಗಿ ಅಲ್ಲ, ಅಷ್ಟೆ.

ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಹುಬ್ಬಳ್ಳಿಯಲ್ಲಿ ಆಡಿಸುವುದು ಕಷ್ಟವೆಂದು ಹೇಳುವವರಿರಬಹುದು. ಆದರೆ 2025ರ ಪಂದ್ಯಾವಳಿ ಪೂರ್ಣವಾಗಿ ಮೈಸೂರಿನಲ್ಲಿ ನಡೆಯಿತು. ಆಗಸ್ಟ್ 28ರ ಫೈನಲ್‌ನಲ್ಲಿ ಟೈಗರ್ಸ್ 154 ರನ್ ಮಾಡಿ ಮಂಗಳೂರು ಡ್ರ್ಯಾಗನ್ಸ್ ತಂಡವನ್ನು ತಡೆಯಲು ಹೊರಟಿದ್ದಾಗ ಮಳೆ ಬಂದು ಆಟ ಅರ್ಧಕ್ಕೆ ನಿಂತಿತು. ಕೇರಳದ ಎಂಜಿನಿಯರ್ ವಿ. ಜಯದೇವನ್ ರೂಪಿಸಿದ, ಮಳೆಗೆ ಸಿಕ್ಕ ಪಂದ್ಯದ ಗುರಿಯನ್ನು ಮರುಲೆಕ್ಕ ಹಾಕುವ ವಿಜೆಡಿ ಪದ್ಧತಿಯಂತೆ ಮಂಗಳೂರು 14 ರನ್ ಮುಂದಿತ್ತು, ಟ್ರೋಫಿ ಅವರದಾಯಿತು. ಮೈಸೂರಿನ ಮಳೆಯನ್ನು ಸಹಿಸಿದ ಲೀಗ್ ಹುಬ್ಬಳ್ಳಿಯ ಮಳೆಯನ್ನೂ ಸಹಿಸಬಹುದು. ಹತ್ತರಲ್ಲಿ ಎರಡು ಪಂದ್ಯ ರಾಜನಗರಕ್ಕೆ ಬಂದರೂ ಸಾಕು, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ನವಲಗುಂದಗಳಿಂದ ಮಧ್ಯಾಹ್ನದ ಬಸ್ಸು ಹಿಡಿದು ಹೊರಟವರು ಟಾಸ್ ಹಾಕುವುದರೊಳಗೆ ಗೇಟಿನ ಮುಂದೆ ಇರುತ್ತಾರೆ.