ಚೇತಕ್ ಎಲ್ಲಿ ಕೈಹಿಡಿದೀತು, ಎಲ್ಲಿ ಕೈಚೆಲ್ಲೀತು?

ಸೂರತ್‌ನ ತಕ್ಷಶಿಲಾ ಆರ್ಕೇಡ್‌ಗೆ 2019ರ ಮೇ 24ರಂದು ಬೆಂಕಿ ಬಿದ್ದು 22 ವಿದ್ಯಾರ್ಥಿಗಳು ಜೀವ ಕಳೆದುಕೊಂಡರು. ಮಕ್ಕಳು ಮೇಲಿನ ಮಹಡಿಯಿಂದ ಧುಮುಕುವ ವಿಡಿಯೊ ನೋಡಿದವರಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ದೇಶದಲ್ಲಿ ಚೇತಕ್‌ನಂಥ ಇಷ್ಟೊಂದು ಹೆಲಿಕಾಪ್ಟರ್‌ಗಳಿವೆ, ಒಂದನ್ನಾದರೂ ಕಳಿಸಬಾರದಿತ್ತೇ? ಸಂಕಟದಿಂದ ಹುಟ್ಟಿದ ಪ್ರಶ್ನೆ ಅದು. ಆದರೆ ಅದರ ಹಿಂದಿರುವ ಕೆಲವು ನಂಬಿಕೆಗಳನ್ನು ತಿದ್ದಿಕೊಳ್ಳಲೇಬೇಕು.

ತಪ್ಪು ಕಲ್ಪನೆ: ಮೇಲಿನಿಂದ ನೀರು ಸುರಿದರೆ ಕಟ್ಟಡದ ಬೆಂಕಿ ಆರುತ್ತದೆ.

ವಾಸ್ತವ: ಹೆಲಿಕಾಪ್ಟರ್ ನೀರು ಸುರಿಯುವುದು ಕಾಡಿಗೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದು ಬ್ಯಾಂಬಿ ಬಕೆಟ್‌ನಲ್ಲಿ ನೀರು ಹೊತ್ತು ಸುರಿದವು. ಹೆಲಿಕಾಪ್ಟರ್‌ನ ಹೊಟ್ಟೆಯ ಕೆಳಗೆ ಕೇಬಲ್‌ನಲ್ಲಿ ತೂಗುವ, ಮಡಚಬಹುದಾದ ದೊಡ್ಡ ಬಕೆಟ್ ಅದು. ಕೆರೆಯಲ್ಲಿ ಮುಳುಗಿಸಿ ಎತ್ತುತ್ತಾರೆ, ಬೆಂಕಿಯ ಮೇಲೆ ಬಂದೊಡನೆ ಪೈಲಟ್ ಗುಂಡಿ ಒತ್ತಿದರೆ ತಳದ ಬಾಯಿ ತೆರೆದುಕೊಳ್ಳುತ್ತದೆ. ಎಂಐ-17 ಒಮ್ಮೆಗೆ ಹೊರುವುದು ಸುಮಾರು 3,500 ಲೀಟರ್, ಅಂದರೆ ಮೂರೂವರೆ ಟನ್ ಭಾರ. ಒಣಹುಲ್ಲಿನ ಮೇಲೆ ಬಿದ್ದರೆ ಅದು ಬೆಂಕಿಯ ಸಾಲನ್ನು ತಡೆಯುತ್ತದೆ, ಕೆಳಗೆ ಸೊಪ್ಪು ಹಿಡಿದು ಬಡಿಯುತ್ತಿರುವ ಸಿಬ್ಬಂದಿಗೆ ಉಸಿರಾಡಲು ಸಮಯ ಸಿಗುತ್ತದೆ. ಅದೇ ನೀರು ತಾರಸಿಯ ಮೇಲೆ ಬಿದ್ದರೆ ಒಳಗಿನ ಕೋಣೆಗೆ ತಲುಪುವುದಿಲ್ಲ. ಸೂರು ದುರ್ಬಲವಾಗಿದ್ದರೆ ಒಳಗಿದ್ದವರ ಮೇಲೇ ಕುಸಿಯಬಹುದು. 2019ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ನಾಟ್ರ ಡಾಮ್ ಚರ್ಚ್ ಉರಿಯುವಾಗ ಆಕಾಶದಿಂದ ನೀರು ಸುರಿಯಿರಿ ಎಂಬ ಸಲಹೆ ಬಂದಾಗ ಫ್ರಾನ್ಸಿನ ಅಧಿಕಾರಿಗಳು ಕೊಟ್ಟ ಉತ್ತರವೂ ಇದೇ. ಇನ್ನು ಗಾಳಿಯ ಮಾತು: ಹದಿಮೂರು ಟನ್‌ವರೆಗೆ ತೂಗುವ ಯಂತ್ರವನ್ನು ಎತ್ತಿಹಿಡಿಯಲು ರೋಟರ್ ಕೆಳಕ್ಕೆ ದೂಡುವ ಗಾಳಿ ಕಿಟಕಿ ಒಡೆದ ಕಟ್ಟಡದ ಉರಿಗೆ ತಿದಿ ಒತ್ತಿದಂತೆ.

ತಪ್ಪು ಕಲ್ಪನೆ: ತಾರಸಿಗೆ ಓಡಿದರೆ ಹೆಲಿಕಾಪ್ಟರ್ ಎತ್ತಿಕೊಳ್ಳುತ್ತದೆ.

ವಾಸ್ತವ: ಬ್ರೆಜಿಲ್‌ನ ಸಾವೊ ಪಾಲೊ ನಗರ ಇದಕ್ಕೆ ಎರಡೂ ಬಗೆಯ ಸಾಕ್ಷಿ ಕೊಟ್ಟಿದೆ. 1972ರಲ್ಲಿ ಆಂಡ್ರಾವುಸ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ನೂರಾರು ಜನ ಹೆಲಿಕಾಪ್ಟರ್ ಹತ್ತಿ ಬದುಕಿದರು. ಅದರ ನೆತ್ತಿಯ ಮೇಲೆ ಹೆಲಿಪ್ಯಾಡ್ ಇತ್ತು. 1974ರಲ್ಲಿ ಜೊಯೆಲ್ಮಾ ಕಟ್ಟಡ ಉರಿಯಿತು. ಅಲ್ಲೂ ಜನ ಮೇಲಕ್ಕೇ ಓಡಿದರು, ಆದರೆ ಹೊಗೆ ಮತ್ತು ಕಾವಿನಿಂದ ಹೆಲಿಕಾಪ್ಟರ್ ಇಳಿಯಲಾಗಲಿಲ್ಲ. ನಮ್ಮ ತಾರಸಿಗಳಲ್ಲಿ ನೀರಿನ ಟ್ಯಾಂಕು, ಮೊಬೈಲ್ ಟವರು, ಸೋಲಾರು, ಶೀಟು. ತಕ್ಷಶಿಲಾದಲ್ಲಿ ಮೇಲಿನ ತರಗತಿಗೆ ಹೋಗುವ ಮರದ ಮೆಟ್ಟಿಲೇ ಸುಟ್ಟುಹೋಗಿತ್ತು. ಆ ಮಕ್ಕಳಿಗೆ ಬೇಕಿದ್ದದ್ದು ಕಾಂಕ್ರೀಟಿನ ಎರಡನೇ ಮೆಟ್ಟಿಲು, ತಕ್ಷಣ ಬಂದು ನಿಲ್ಲುವ ಎತ್ತರದ ಏಣಿ. 2010ರಲ್ಲಿ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ ಒಂಬತ್ತು ಜನರನ್ನು ಕಳೆದುಕೊಂಡ ಬೆಂಗಳೂರಿಗೂ ಈ ಮಾತು ಸಲ್ಲುತ್ತದೆ.

ತಪ್ಪು ಕಲ್ಪನೆ: ಚೇತಕ್ ಅಜ್ಜನ ಕಾಲದ್ದು, ಅದನ್ನು ಜೀವ ಉಳಿಸುವ ಕೆಲಸಕ್ಕೆ ಬಳಸಬಾರದು.

ವಾಸ್ತವ: ಫ್ರಾನ್ಸಿನ ಅಲುವೆಟ್-3 ಮೊದಲು ಹಾರಿದ್ದು 1959ರಲ್ಲಿ. ಅದನ್ನೇ ಬೆಂಗಳೂರಿನ ಎಚ್‌ಎಎಲ್ 1960ರ ದಶಕದಿಂದ ಚೇತಕ್ ಹೆಸರಿನಲ್ಲಿ ತಯಾರಿಸಿತು. ಹೆಲಿಕಾಪ್ಟರ್‌ಗೆ ವಯಸ್ಸು ಕಟ್ಟುವುದು ಹುಟ್ಟಿದ ವರ್ಷದಿಂದಲ್ಲ, ಬಿಡಿಭಾಗಗಳು ಹಾರಿದ ಗಂಟೆಗಳಿಂದ. ಗಡುವು ಮುಗಿದ ಗೇರ್‌ಬಾಕ್ಸು, ಎಂಜಿನ್ನು ಹೊರಬರಲೇಬೇಕು. ಹಾಗೆ ನೋಡಿಕೊಂಡ ಹಳೆಯ ಯಂತ್ರ ಜೀವ ಉಳಿಸಿದ್ದಕ್ಕೆ ಸಾಕ್ಷಿಯೂ ಇದೆ. ಸೂರತ್‌ನಿಂದ ದಕ್ಷಿಣಕ್ಕೆ, ದಮನ್‌ನಲ್ಲಿ ಕರಾವಳಿ ರಕ್ಷಣಾ ಪಡೆಯ ವಾಯುನೆಲೆಯಿದೆ. 2022ರ ಜುಲೈನಲ್ಲಿ ಅಂಬಿಕಾ ನದಿ ಹಠಾತ್ ಉಕ್ಕಿ ಬಂದು ದಡದಲ್ಲಿ ಸಿಲುಕಿದ್ದ 16 ಜನರನ್ನು ಆ ಪಡೆ ಜೋರುಗಾಳಿ, ಮಳೆಯ ನಡುವೆ ಹೊರತಂದದ್ದು ಚೇತಕ್‌ನಿಂದಲೇ. ಹಾಗೆಂದು ಅದರ ಮಿತಿಗಳನ್ನು ಮುಚ್ಚಿಡಬಾರದು. ಎಂಜಿನ್ ಒಂದೇ, ಆಟೊಪೈಲಟ್ ಇಲ್ಲ. ಕತ್ತಲಲ್ಲಿ ದೂರದ ಕಡಲಿಗೆ ಅದನ್ನು ಅಟ್ಟುವುದು ನನ್ನ ಮಟ್ಟಿಗೆ ತಪ್ಪು.

ತಪ್ಪು ಕಲ್ಪನೆ: ಹೊಸ ಹೆಲಿಕಾಪ್ಟರ್ ಬಂದರೆ ಅಪಾಯವೇ ಇರುವುದಿಲ್ಲ.

ವಾಸ್ತವ: 2024ರ ಸೆಪ್ಟೆಂಬರ್ 2ರ ರಾತ್ರಿ ಪೋರಬಂದರ್ ಆಚೆಯ ಕಡಲಲ್ಲಿ ಹರಿ ಲೀಲಾ ಟ್ಯಾಂಕರ್‌ನಲ್ಲಿದ್ದ ಗಾಯಾಳುವನ್ನು ಕರೆತರಲು ಹೋದ, ಚೇತಕ್‌ಗಿಂತ ಹೊಸತಾದ ಸುಧಾರಿತ ಹಗುರ ಹೆಲಿಕಾಪ್ಟರ್ ಎಎಲ್‌ಎಚ್ ಸಮುದ್ರಕ್ಕೆ ಬಿತ್ತು. ಸಿಬ್ಬಂದಿ ನಾಲ್ವರಲ್ಲಿ ಮೂವರು ತೀರಿಕೊಂಡರು. ಅದಕ್ಕೆ ಸ್ವಲ್ಪವೇ ಮುಂಚೆ ಗುಜರಾತಿನ ಮಳೆ ಅನಾಹುತದಲ್ಲಿ 67 ಜನರನ್ನು ಉಳಿಸಿದ್ದೂ ಎಎಲ್‌ಎಚ್ ಹೆಲಿಕಾಪ್ಟರೇ. ಅದೇ ಮಳೆಗೆ ವಿಶ್ವಾಮಿತ್ರಿ ನದಿ ಉಕ್ಕಿ ವಡೋದರಾ ಮುಳುಗಿತು. ತಂತಿ, ಮರ, ಇಕ್ಕಟ್ಟಿನ ಓಣಿಗಳ ನಡುವೆ ಜನರನ್ನು ಹೊರತಂದ ಕೆಲಸ ಹೆಚ್ಚಾಗಿ ದೋಣಿಗಳದ್ದು.

ತಪ್ಪು ಕಲ್ಪನೆ: ಸ್ಟ್ರೆಚರ್ ಇಟ್ಟರೆ ಅದೇ ಏರ್ ಆಂಬುಲೆನ್ಸ್.

ವಾಸ್ತವ: ಚೇತಕ್‌ನಲ್ಲಿ ಎರಡು ಸ್ಟ್ರೆಚರ್ ಹಿಡಿಸುತ್ತವೆ. ಆ ಸದ್ದಿನಲ್ಲಿ ಸ್ಟೆತಸ್ಕೋಪ್ ಕೇಳಿಸುವುದಿಲ್ಲ, ಆ ಇಕ್ಕಟ್ಟಿನಲ್ಲಿ ಎದೆ ಒತ್ತುವುದು ಕಷ್ಟ. ಆದ್ದರಿಂದ ರೋಗಿಯನ್ನು ಸ್ಥಿರಗೊಳಿಸಿಯೇ ಹತ್ತಿಸಬೇಕು. ವಡೋದರಾದಿಂದ ಅಹಮದಾಬಾದಿಗೆ ಹಾರಾಟ ಅರ್ಧ ಗಂಟೆಯಷ್ಟೇ, ನಿಜ. ಆದರೆ ಅನುಮತಿ, ಮೈದಾನಕ್ಕೆ ಸಾಗಣೆ, ಇಳಿದ ಮೇಲೆ ಮತ್ತೆ ಆಂಬುಲೆನ್ಸ್ ಎಂದು ಕೂಡಿಸಿದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಬರುವ 108 ವಾಹನವೇ ಮುಂಚೆ ತಲುಪೀತು. ರಸ್ತೆ ಕಡಿದಾಗ, ರೋಗಿ ಕಡಲಲ್ಲಿದ್ದಾಗ ಮಾತ್ರ ಹೆಲಿಕಾಪ್ಟರ್‌ಗೆ ಸಾಟಿಯಿಲ್ಲ. ದೊಡ್ಡ ಆಸ್ಪತ್ರೆ ಕಟ್ಟಿಸುವವರು ಅಹಮದಾಬಾದಿನವರಿರಲಿ, ಹುಬ್ಬಳ್ಳಿಯವರಿರಲಿ, ನಕ್ಷೆ ಹಾಕುವಾಗಲೇ ಹೆಲಿಪ್ಯಾಡ್‌ಗೆ ಜಾಗ ಬಿಡಲಿ, ಅಲ್ಲಿಂದ ತುರ್ತು ಚಿಕಿತ್ಸಾ ಘಟಕಕ್ಕೆ ನೇರ ಇಳಿಯುವ ಲಿಫ್ಟ್ ಇಡಲಿ.