ನಕ್ಷೆ ಸಿಕ್ಕರೆ ರೇಡಿಯೊ ಹಾಡೀತು

ಹಳೆಯ ವಾಲ್ವ್ ರೇಡಿಯೊ ಕೆಟ್ಟರೆ ಸಾಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲು ಅದರ ಸರ್ಕ್ಯೂಟ್ ನಕ್ಷೆ ಹುಡುಕಬೇಕು. ಅಮೆರಿಕದ ಸೆಟ್ಟಾದರೆ ಹುಡುಕಾಟ ಹೆಚ್ಚಾಗಿ ಜಾನ್ ಎಫ್. ರೈಡರ್ ಎಂಬ ಹೆಸರಿಗೇ ಬಂದು ನಿಲ್ಲುತ್ತದೆ.

1920ರ ದಶಕದಲ್ಲಿ ಅಲ್ಲಿ ನಾಯಿಕೊಡೆಗಳಂತೆ ಎದ್ದ ರೇಡಿಯೊ ಕಂಪನಿಗಳಲ್ಲಿ ಎಷ್ಟೋ ಬೇಗನೆ ಬಾಗಿಲು ಹಾಕಿದವು. ಅವುಗಳ ಸೆಟ್ಟುಗಳು ಮಾತ್ರ ಮನೆಗಳಲ್ಲಿ ಉಳಿದವು. ಕೆಟ್ಟರೆ ಕೇಳಲು ಕಂಪನಿಯೇ ಇಲ್ಲ. 1931ರಲ್ಲಿ ರೈಡರ್, ಬೇರೆ ಬೇರೆ ತಯಾರಕರ ನಕ್ಷೆಗಳನ್ನು ಕಲೆಹಾಕಿ 'ಪರ್ಪೆಚುಯಲ್ ಟ್ರಬಲ್ ಶೂಟರ್ಸ್ ಮ್ಯಾನ್ಯುಯಲ್' ಹೊರತರಲು ತೊಡಗಿದರು. ಅದು ಒಟ್ಟು 23 ಸಂಪುಟಗಳಿಗೆ ಬೆಳೆಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಇಂಡಿಯಾನಾಪೊಲಿಸ್‌ನ ಹೊವರ್ಡ್ ಸ್ಯಾಮ್ಸ್ 'ಫೋಟೋಫ್ಯಾಕ್ಟ್' ಎಂಬ ಸರ್ವಿಸ್ ಹಾಳೆಗಳನ್ನು ಆರಂಭಿಸಿದರು. ರೈಡರ್ ಹೆಚ್ಚಾಗಿ ಕಂಪನಿ ಕೊಟ್ಟದ್ದನ್ನು ಮುದ್ರಿಸಿದರೆ, ಸ್ಯಾಮ್ಸ್ ಬಳಗ ಸೆಟ್ಟನ್ನೇ ಬಿಚ್ಚಿ ಫೋಟೊ ತೆಗೆದು, ಒಂದೊಂದು ಬಿಡಿಭಾಗಕ್ಕೂ ನಂಬರು ಹಾಕಿತು. ಓದಲು ರೈಡರ್ ಚೆಂದ. ರಿಪೇರಿಗೆ ಕೂತಾಗ ನನ್ನ ಮತ ಸ್ಯಾಮ್ಸ್‌ಗೆ.

ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಿ ಹುಡುಕಲು ಹೊರಟರೆ ದಾರಿ ತಪ್ಪೀತು. 'ಸಿಲ್ವರ್‌ಟೋನ್' ರೇಡಿಯೊ ಮಾರಿದ್ದು ಸಿಯರ್ಸ್ ಅಂಗಡಿ, ತಯಾರಿಸಿದ್ದು ಬೇರೆ ಬೇರೆ ಕಾರ್ಖಾನೆಗಳು. ಚಾಸಿ ನಂಬರಿನಲ್ಲಿ ಚುಕ್ಕಿಗೆ ಮೊದಲು ಬರುವ ಅಂಕಿಗಳೇ ತಯಾರಕರ ಗುರುತು. ಆದ್ದರಿಂದ ಮೊದಲು ಹಿಂಬದಿಯ ಹಲಗೆ ಕಳಚಿ ಚೀಟಿ ಓದಬೇಕು. ನಕ್ಷೆ ಸಿಕ್ಕಿದೊಡನೆ ನೋಡಬೇಕಾದದ್ದು ಐ.ಎಫ್. (ಇಂಟರ್ಮೀಡಿಯೆಟ್ ಫ್ರೀಕ್ವೆನ್ಸಿ) ಅಂಕಿ: ಅಮೆರಿಕದ ಸೆಟ್ಟುಗಳಲ್ಲಿ ಸಾಮಾನ್ಯವಾಗಿ 455 ಕಿಲೋಹರ್ಟ್ಸ್, ಇನ್ನೂ ಹಳೆಯವುಗಳಲ್ಲಿ 175 ಅಥವಾ 262. ಅದು ತಿಳಿಯದೆ ಕಾಯಿಲ್ ತಿರುವಿದರೆ ಸ್ಟೇಷನ್ನುಗಳು ಕೈತಪ್ಪುತ್ತವೆ.

ನಮ್ಮ ಕಡೆಯ ಫಿಲಿಪ್ಸ್, ಮರ್ಫಿ, ಬುಷ್ ಸೆಟ್ಟುಗಳಿಗೆ ರೈಡರ್ ಅಷ್ಟಾಗಿ ಒದಗುವುದಿಲ್ಲ. ಬ್ರಿಟನ್ನಿನ 'ಟ್ರೇಡರ್' ಸರ್ವಿಸ್ ಹಾಳೆಗಳನ್ನು ಹುಡುಕುವುದು ಮೇಲು. ಅದೂ ಸಿಗದಿದ್ದರೆ ವಾಲ್ವಿನ ಹೆಸರೇ ಅರ್ಧ ನಕ್ಷೆ. ಯುರೋಪಿನಲ್ಲಿ ವಾಲ್ವುಗಳಿಗೆ ಅಕ್ಷರ, ಅಂಕಿಗಳಲ್ಲಿ ಹೆಸರಿಡುವ ಕ್ರಮವನ್ನು 1960ರ ದಶಕದಲ್ಲಿ ವಾಲ್ವ್ ತಯಾರಿಸುತ್ತಿದ್ದ ಬೆಂಗಳೂರಿನ ಬಿಇಎಲ್ ಕೂಡ ಬಳಸಿತು. ಇಎಲ್84 ನೋಡಿ: 'ಇ' ಎಂದರೆ ಹೀಟರಿಗೆ 6.3 ವೋಲ್ಟ್, 'ಎಲ್' ಎಂದರೆ ಸ್ಪೀಕರಿಗೆ ಬಲ ಕೊಡುವ ಪೆಂಟೋಡ್. ಯುಸಿಎಚ್42, ಯುಎಲ್41 ಎಂದು 'ಯು'ವಿನಿಂದ ಶುರುವಾಗುವ ಹೆಸರುಗಳು ಕಂಡರೆ ಹುಷಾರು. ಇವುಗಳ ಹೀಟರುಗಳನ್ನು ಸಾಲಾಗಿ ಜೋಡಿಸಿ ಮನೆಯ ಕರೆಂಟಿಗೆ ಕೊಟ್ಟಿರುತ್ತಾರೆ. ಎಷ್ಟೋ ಸೆಟ್ಟುಗಳಲ್ಲಿ ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚಾಸಿಯೂ ನೇರ ಕರೆಂಟಿಗೆ ಸೇರಿರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದು. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಹಿಡಿದು ನೋಡಿದ ಮೇಲೆಯೇ ಒಳಗೆ ಕೈ ಹಾಕಬೇಕು.